ತಾಳ್ಮೆಯ ಹೆಸರಿನಲ್ಲಿ ತಡಮಾಡದಿರೋಣ

“ಏನೂ ಆಗಿಲ್ಲ, ನಾಳೆಗೆ ಸರಿಹೋಗುತ್ತದೆ” ಎಂಬ ಮಾತು ನಮ್ಮ ಮನೆಗಳಲ್ಲಿ ದಿನನಿತ್ಯ ಕೇಳಿಬರುವಂಥದು. ನೆಗಡಿ, ತಲೆನೋವು, ಮೈಕೈನೋವುಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯನ್ನು ಸೃಷ್ಟಿಕರ್ತನು ದೇಹಕ್ಕೆ ದಯಪಾಲಿಸಿದ್ದಾನೆ. ಆದರೆ ಇದೇ ಮಾತನ್ನು ಎದೆಯ ಬಿಗಿತಕ್ಕೂ, ಸ್ತನದಲ್ಲಿ ಕೈಗೆ ಸಿಕ್ಕ ಗಂಟಿಗೂ, ತಿಂಗಳಾದರೂ ಮಾಯದ ಬಾಯಿಹುಣ್ಣಿಗೂ ಹೇಳತೊಡಗಿದಾಗ ಅದು ಸಮಾಧಾನದ ಮಾತಾಗಿ ಉಳಿಯದೆ, ಅಪಾಯವನ್ನು ಮನೆಯೊಳಗೆ ಕರೆದು ಕೂರಿಸುವ ಮಾತಾಗುತ್ತದೆ.

ಧರ್ಮಕೇಂದ್ರದ ಸೇವೆಯಲ್ಲಿ ರೋಗಿಗಳ ಭೇಟಿಯೂ ಒಂದು ಮುಖ್ಯ ಭಾಗ. ಆ ಭೇಟಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ಫಾದರ್, ಮೊದಲೇ ಗೊತ್ತಾಗಿತ್ತು, ಯಾರಿಗೂ ಹೇಳಲಿಲ್ಲ.” ಹೀಗೆ ಹೇಳುವವರಲ್ಲಿ ತಾಯಂದಿರೇ ಹೆಚ್ಚು. ಅವರು ಸೋಮಾರಿಗಳಲ್ಲ, ಅವಿವೇಕಿಗಳೂ ಅಲ್ಲ. ಮಗನ ಪರೀಕ್ಷೆ ಮುಗಿಯಲಿ, ಮಗಳ ಮದುವೆ ಕಳೆಯಲಿ, ಗದ್ದೆಯ ಕೊಯ್ಲು ಆಗಲಿ ಎಂದು ತಮ್ಮ ಸರದಿಯನ್ನು ಕಡೆಗೆ ಇಟ್ಟುಕೊಂಡವರು. ಹಸಿದವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಅದೇ ಅಭ್ಯಾಸ ರೋಗದ ವಿಷಯದಲ್ಲೂ ನಡೆಯುತ್ತದೆ. ಅಲಕ್ಷ್ಯದಿಂದ ತಡಮಾಡುವವನನ್ನು ಯಾರಾದರೂ ಗದರಿಸಿಯಾರು. ತ್ಯಾಗದ, ತಾಳ್ಮೆಯ, ದೈವಭಕ್ತಿಯ ಹೆಸರಿನಲ್ಲಿ ಆಗುವ ತಡವನ್ನು ಮಾತ್ರ ಎಲ್ಲರೂ ಮೆಚ್ಚುತ್ತಾರೆ. ಆದುದರಿಂದಲೇ ಅದು ಹೆಚ್ಚು ಅಪಾಯಕಾರಿ. ಅದನ್ನು ಕುರಿತು ಎರಡು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರುತ್ತದೆ.

ಮೊದಲಿಗೆ, ತಡವಾದರೆ ದೇಹದೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯೋಣ. ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಹೃದಯಾಘಾತವಾಗುತ್ತದೆ. ರಕ್ತ ಸಿಗದ ಸ್ನಾಯು ಒಂದೇ ಸಲಕ್ಕೆ ಸಾಯುವುದಿಲ್ಲ; ಹೊತ್ತು ಕಳೆದಂತೆ ಸ್ವಲ್ಪಸ್ವಲ್ಪವಾಗಿ ಸಾಯುತ್ತ ಹೋಗುತ್ತದೆ. ಸತ್ತ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿನಿಂದ ಮೊದಲ ಒಂದೆರಡು ಗಂಟೆಗಳಲ್ಲಿ ಆಗುವಷ್ಟು ಪ್ರಯೋಜನ ಆಮೇಲೆ ಆಗದು. ಆದರೆ ನಮ್ಮಲ್ಲಿ ಆ ಅಮೂಲ್ಯ ಗಂಟೆಗಳು ಎಲ್ಲಿ ಕಳೆಯುತ್ತವೆ? “ಗ್ಯಾಸ್ ಇರಬೇಕು” ಎಂದು ಸೋಡಾ ಕುಡಿಯುವುದರಲ್ಲಿ, ಜೀರಿಗೆ ಕಷಾಯ ಕುದಿಸುವುದರಲ್ಲಿ, ಬೆನ್ನಿಗೆ ಮುಲಾಮು ಉಜ್ಜುವುದರಲ್ಲಿ. ಎದೆಯ ಮೇಲೆ ಭಾರವಿಟ್ಟಂತಹ ಬಿಗಿತ, ದವಡೆಗೋ ಎಡಗೈಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಬ್ಬಸ, ಇವು ಕಂಡಾಗ ಗ್ಯಾಸ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ಅಡುಗೆಮನೆಯದಲ್ಲ. ಸಕ್ಕರೆ ಕಾಯಿಲೆ ಉಳ್ಳವರಲ್ಲಿಯೂ ಹೆಂಗಸರಲ್ಲಿಯೂ ಎದೆನೋವೇ ಇಲ್ಲದೆ ಬರೀ ಆಯಾಸ, ವಾಕರಿಕೆ, ಏದುಸಿರುಗಳ ರೂಪದಲ್ಲಿ ಹೃದಯಾಘಾತ ಬರುವುದುಂಟು. ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಈ ಹೊತ್ತನ್ನು ಉಳಿಸುವುದು. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಅದನ್ನು ದೂರದ ಹೃದ್ರೋಗ ತಜ್ಞರಿಗೆ ಕಳುಹಿಸಿ, ಅವಶ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಅದು. ಆದರೆ ಮನೆಯ ಜಗಲಿಯಿಂದ ಆಸ್ಪತ್ರೆಯ ಬಾಗಿಲವರೆಗಿನ ತಡವನ್ನು ಯಾವ ಯೋಜನೆಯೂ ತಪ್ಪಿಸಲಾರದು.

ಪಾರ್ಶ್ವವಾಯುವಿನ ಕಥೆಯೂ ಇದೇ. ಮುಖದ ಒಂದು ಬದಿ ಜೋಲುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು ಅದರ ಮುಖ್ಯ ಲಕ್ಷಣಗಳು. ಮಿದುಳಿನ ನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆದಕಾರಣ ಲಕ್ಷಣ ಕಂಡ ಗಳಿಗೆಯನ್ನು ಗಡಿಯಾರ ನೋಡಿ ನೆನಪಿಟ್ಟುಕೊಂಡು, ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯುವುದೇ ಸರಿಯಾದ ದಾರಿ. ಎಣ್ಣೆ ತಿಕ್ಕಿಸುತ್ತ ಒಂದು ರಾತ್ರಿ ಕಳೆದರೆ ಆ ಅವಕಾಶ ಮುಗಿದಂತೆಯೇ. ಇನ್ನೊಂದು ಮಾತು: ಕೆಲವೊಮ್ಮೆ ಸೋತ ಕೈ ಹತ್ತೇ ನಿಮಿಷಗಳಲ್ಲಿ ಮೊದಲಿನಂತಾಗುತ್ತದೆ. ಮನೆಯವರು ದೇವರಿಗೆ ವಂದನೆ ಹೇಳಿ ಸುಮ್ಮನಾಗುತ್ತಾರೆ. ವಂದನೆ ಹೇಳುವುದು ಯೋಗ್ಯವೇ, ಸುಮ್ಮನಾಗುವುದು ಸಲ್ಲದು. ಅದು ಮುಂಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ಅಂದೇ ವೈದ್ಯರನ್ನು ಕಾಣಬೇಕು.

ಇವು ಗಂಟೆಗಳ ಲೆಕ್ಕದ ರೋಗಗಳಾದರೆ, ವಾರಗಳ ಲೆಕ್ಕದ ರೋಗಗಳು ಇನ್ನೂ ಮೋಸಗಾರವು. ಏಕೆಂದರೆ ಅವು ಆರಂಭದಲ್ಲಿ ನೋಯಿಸುವುದಿಲ್ಲ. ಸ್ತನದ ಕ್ಯಾನ್ಸರಿನ ಗಂಟು ಬಹುಪಾಲು ನೋವಿಲ್ಲದೆಯೇ ಇರುತ್ತದೆ. “ನೋಯುವುದಿಲ್ಲ, ಹಾಗಾದರೆ ಏನೂ ಅಲ್ಲ” ಎಂದು ನಾವು ತಪ್ಪು ತಿಳಿಯುತ್ತೇವೆ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ ಎಂಬುದು ಸಂತೋಷದ ಸಂಗತಿ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ನಾಚಿಕೆಯಿಂದ ಮುಚ್ಚಿಡುವ ತಾಯಂದಿರಿದ್ದಾರೆ. ಮಲದಲ್ಲಿ ರಕ್ತ ಹೋದರೆ ಮೂಲವ್ಯಾಧಿಯೆಂದು ತಾವೇ ತೀರ್ಪುಕೊಟ್ಟುಕೊಂಡು ವರ್ಷ ಕಳೆಯುವ ಗಂಡಸರಿದ್ದಾರೆ. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವವರ ಬಾಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಅದನ್ನು ತೋರಿಸಲೇಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ. ಕ್ಷಯವೆಂದು ತಿಳಿದರೆ ಔಷಧವೂ ಉಚಿತ. ಇಲ್ಲಿ ತಡಮಾಡುವವನು ತನ್ನೊಬ್ಬನ ಪ್ರಾಣವನ್ನಷ್ಟೇ ಅಲ್ಲ, ಒಂದೇ ಕೋಣೆಯಲ್ಲಿ ಮಲಗುವ ಮೊಮ್ಮಗನ ಪ್ರಾಣವನ್ನೂ ಪಣಕ್ಕಿಡುತ್ತಾನೆ.

ಮಳೆಗಾಲದ ಜ್ವರಗಳನ್ನೂ ಮರೆಯುವಂತಿಲ್ಲ. ಕೆಸರುಗದ್ದೆಯಲ್ಲಿ, ಕೊಳಚೆ ನೀರಿನಲ್ಲಿ ದುಡಿದವರಿಗೆ ಜ್ವರದೊಡನೆ ಮೀನಖಂಡದ ಕಡುನೋವು, ಕಣ್ಣು ಕೆಂಪಾಗುವಿಕೆ ಕಂಡರೆ ಇಲಿಜ್ವರದ ಶಂಕೆ ಬರಬೇಕು. ಬೇಗ ಔಷಧ ಸಿಗದಿದ್ದರೆ ಅದು ಮೂತ್ರಪಿಂಡಗಳನ್ನೂ ಯಕೃತ್ತನ್ನೂ ಕೆಡಿಸಬಲ್ಲದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಟ್ಟಿತೆಂದು ನಿಟ್ಟುಸಿರುಬಿಡುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ನಿಶ್ಶಕ್ತಿ ಕಾಣಿಸಿಕೊಂಡರೆ ಕ್ಷಣವೂ ಕಾಯಬಾರದು.

ಈಗ ತಾಳ್ಮೆಯ ಮಾತಿಗೆ ಬರೋಣ. ಸಂಕಟವನ್ನು ದೇವರಿಗೆ ಅರ್ಪಿಸಿ ಸಹಿಸಿಕೊಳ್ಳುವುದನ್ನು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ. ಆ ಪಾಠ ದೊಡ್ಡದು. ಆದರೆ ತಪ್ಪಿಸಲಾಗದ ನೋವನ್ನು ಸಹಿಸುವುದು ಒಂದು, ತಪ್ಪಿಸಬಹುದಾದ ರೋಗವನ್ನು ಬೆಳೆಯಗೊಡುವುದು ಇನ್ನೊಂದು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ವಿಚಾರದಂತೆ, ದುಃಖದ ಭಾರಕ್ಕೆ ಬುದ್ಧಿಯು ಕುಸಿಯದಂತೆ ಕಾಪಾಡುವುದೇ ತಾಳ್ಮೆಯ ಕೆಲಸ. ಹಾಗಿದ್ದರೆ ಬುದ್ಧಿಯ ಬಾಯಿಯನ್ನೇ ಮುಚ್ಚಿಸುವ ತಾಳ್ಮೆಯನ್ನು ತಾಳ್ಮೆಯೆನ್ನಲಾದೀತೆ? ವಿವೇಕವೆಂಬ ಸದ್ಗುಣದಲ್ಲಿ ಅವರು ಮೂರು ಮೆಟ್ಟಿಲುಗಳನ್ನು ಕಾಣುತ್ತಾರೆ: ಆಲೋಚಿಸುವುದು, ನಿರ್ಣಯಿಸುವುದು, ನಿರ್ಣಯಿಸಿದ್ದನ್ನು ಮಾಡುವಂತೆ ತನಗೆ ತಾನೇ ಆಜ್ಞಾಪಿಸಿಕೊಳ್ಳುವುದು. ಇವುಗಳಲ್ಲಿ ಮೂರನೆಯದೇ ಮುಖ್ಯ ಎಂಬುದು ಅವರ ಅಭಿಪ್ರಾಯ. ನಮ್ಮ ಮನೆಗಳನ್ನು ನೋಡಿ. ಆಲೋಚನೆ ಬೇಕಾದಷ್ಟು ಆಗಿರುತ್ತದೆ. “ಒಮ್ಮೆ ಡಾಕ್ಟರಿಗೆ ತೋರಿಸಬೇಕು” ಎಂಬ ನಿರ್ಣಯವೂ ಆಗಿರುತ್ತದೆ. ಆ “ತೋರಿಸಬೇಕು” ಎಂಬುದು “ತೋರಿಸಿದೆವು” ಎಂದಾಗುವುದಕ್ಕೆ ತಿಂಗಳುಗಳು ಬೇಕಾಗುತ್ತವೆ. ಅಷ್ಟರಲ್ಲಿ ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗಿರುತ್ತದೆ.

ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲವೇ ಎಂದು ಕೇಳುವವರೂ ಅಪರೂಪವಾಗಿ ಸಿಗುತ್ತಾರೆ. ಅಂಥವರು ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ತೆರೆದು ಓದಲಿ. ವೈದ್ಯನನ್ನೂ ಮಣ್ಣಿನಿಂದ ಹುಟ್ಟುವ ಔಷಧವನ್ನೂ ದೇವರೇ ಸೃಷ್ಟಿಸಿದನೆಂದೂ, ರೋಗಿಯು ಪ್ರಾರ್ಥನೆ ಮಾಡಿ ವೈದ್ಯನಿಗೂ ಎಡೆಗೊಡಬೇಕೆಂದೂ ಅಲ್ಲಿ ಸ್ಪಷ್ಟವಾಗಿದೆ. ಪ್ರಾರ್ಥನೆ ವೈದ್ಯನ ಸ್ಥಾನವನ್ನು ಕಸಿಯುವುದಿಲ್ಲ, ವೈದ್ಯನು ಪ್ರಾರ್ಥನೆಯ ಸ್ಥಾನವನ್ನೂ ಕಸಿಯುವುದಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಫಾದರ್ ಅಗಸ್ಟಸ್ ಮುಲ್ಲರ್ ಅವರಾಗಲಿ, 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಭಾರತದ ಬಿಷಪರುಗಳಾಗಲಿ ಈ ಎರಡರ ನಡುವೆ ವಿರೋಧವನ್ನು ಕಾಣಲಿಲ್ಲ.

ವೈದ್ಯರನ್ನು ತಡವಾಗಿ ಕರೆಯುವ ಮನೆಗಳು ಬಹುಶಃ ನಮ್ಮನ್ನೂ ತಡವಾಗಿಯೇ ಕರೆಯುತ್ತವೆ. ರೋಗಿಗಳ ಅಭ್ಯಂಗ ಸಂಸ್ಕಾರವು ಪ್ರಾಣ ಹೋಗುವ ಗಳಿಗೆಗೆ ಮಾತ್ರ ಮೀಸಲಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿತು. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅದರ ವಿಧಿಯನ್ನೂ ಪರಿಷ್ಕರಿಸಿದರು. ಆದರೂ “ಫಾದರನ್ನು ಕರೆದರೆ ಅಜ್ಜ ಹೆದರಿಯಾರು” ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ಎರಡು ಅಂಜಿಕೆಗಳ ಬೇರೂ ಒಂದೇ: ರೋಗದ ಹೆಸರೆತ್ತಿದರೆ ರೋಗ ನಿಜವಾಗಿಬಿಡುತ್ತದೆ ಎಂಬ ಭಾವನೆ. ಗಂಟು ಇದ್ದರೆ ಅದು ಪರೀಕ್ಷೆಗೆ ಮೊದಲೂ ಇತ್ತು. ವೈದ್ಯರು ಅದನ್ನು ಹುಟ್ಟಿಸುವುದಿಲ್ಲ. ಕತ್ತಲೆಯಲ್ಲಿದ್ದುದನ್ನು ಬೆಳಕಿಗೆ ತರುತ್ತಾರೆ, ಅಷ್ಟೆ.

ಹಣದ ಚಿಂತೆ ನಿಜವಾದ ಚಿಂತೆಯೇ. ದಿನಗೂಲಿಯವನಿಗೆ ಆಸ್ಪತ್ರೆಯಲ್ಲಿ ಕಳೆದ ಒಂದು ದಿನವೆಂದರೆ ಒಂದು ದಿನದ ಅಕ್ಕಿ. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಆರಂಭದ ರೋಗಕ್ಕೆ ತಗಲುವ ವೆಚ್ಚಕ್ಕಿಂತ ಬಲಿತ ರೋಗದ ವೆಚ್ಚ ಸಾಮಾನ್ಯವಾಗಿ ಎಷ್ಟೋ ಪಾಲು ಹೆಚ್ಚು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. 2008ರಿಂದ 108 ಆಂಬುಲೆನ್ಸ್ ಉಚಿತವಾಗಿ ಓಡುತ್ತಿದೆ. ಕಾರ್ಡು ಮಾಡಿಸಿಡುವುದಕ್ಕೂ, ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡುವುದಕ್ಕೂ ಆರೋಗ್ಯವಿರುವಾಗಲೇ ಸಮಯ.

ನಮ್ಮ ಅನೇಕ ಕುಟುಂಬಗಳಲ್ಲಿ ಮಕ್ಕಳು ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. “ಮಗನಿಗೆ ಹೇಳಬೇಡಿ, ಅಷ್ಟು ದೂರದಲ್ಲಿ ಸುಮ್ಮನೆ ಗಾಬರಿಯಾಗುತ್ತಾನೆ” ಎಂದು ತಂದೆತಾಯಿಗಳು ಮುಚ್ಚಿಡುತ್ತಾರೆ. “ರಜೆಯಲ್ಲಿ ಊರಿಗೆ ಹೋದಾಗ ತೋರಿಸಿದರಾಯಿತು” ಎಂದು ಮಗನೂ ತನ್ನ ಎದೆನೋವನ್ನು ಮುಚ್ಚಿಡುತ್ತಾನೆ. ಪ್ರತಿವಾರ ಫೋನಿನಲ್ಲಿ ಇಬ್ಬರೂ “ನಾವು ಕ್ಷೇಮ” ಎನ್ನುತ್ತಾರೆ. ಪ್ರೀತಿಯಿಂದ ಹೇಳಿದ ಈ ಸುಳ್ಳು ಎಷ್ಟು ದುಬಾರಿಯೆಂಬುದು ಅವಸರದಲ್ಲಿ ವಿಮಾನ ಹತ್ತಿ ಬಂದವರಿಗೆ ಗೊತ್ತು.

ಹಾಗೆಂದು ಪ್ರತಿಯೊಂದು ಸೀನಿಗೂ ತಜ್ಞರ ಬಳಿಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಸದ್ಗುಣವು ಎರಡು ಅತಿರೇಕಗಳ ನಡುವೆ ಇರುತ್ತದೆಂದು ವೈದ್ಯನ ಮಗನಾದ ಅರಿಸ್ಟಾಟಲನು ಕಲಿಸಿದ. ಹಿಂದೆಂದೂ ಇಲ್ಲದ್ದು, ಹಠಾತ್ತಾಗಿ ಬಂದದ್ದು, ದಿನೇದಿನೇ ಹೆಚ್ಚುವುದು, ವಾರ ಕಳೆದರೂ ಬಿಡದಿರುವುದು, ಕಾರಣವಿಲ್ಲದೆ ಮೈ ಇಳಿಸುವುದು, ಇವು ವೈದ್ಯರಿಗೆ ತೋರಿಸಬೇಕಾದವು. ಔಷಧದ ಅಂಗಡಿಯವರನ್ನು ಕೇಳಿ ಎರಡು ಮಾತ್ರೆ ನುಂಗುವುದಾಗಲಿ, ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬುವುದಾಗಲಿ ಅದಕ್ಕೆ ಬದಲಿಯಲ್ಲ.

ಕಡೆಯದಾಗಿ ಮನೆಯ ಯಜಮಾನರಲ್ಲಿ ನಮ್ಮ ವಿನಂತಿ. ನಿಮ್ಮ ಮನೆಯಾಕೆ “ಏನೂ ಇಲ್ಲ” ಎಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಕೇಳಿ. ನಾಳೆ ಬೆಳಿಗ್ಗೆ ಯಾವ ಬಸ್ಸಿಗೆ ಹೊರಡುವುದೆಂದು ನೀವೇ ಗೊತ್ತುಮಾಡಿ, ಅಡುಗೆಯ ಚಿಂತೆ ಬೇಡವೆಂದು ಹೇಳಿ, ಜೊತೆಯಲ್ಲಿ ಹೋಗಿ. ಪುರುಷ ವೈದ್ಯರ ಮುಂದೆ ಸಂಕೋಚವಿದ್ದರೆ ಮಹಿಳಾ ವೈದ್ಯರನ್ನು ಹುಡುಕಿ. ನೆರೆಯಲ್ಲಿ ಒಂಟಿಯಾಗಿರುವ ವೃದ್ಧರಿದ್ದರೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ಯುವಜನರು, ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಸರದಿಯಂತೆ ಹೊರಲಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯದವನು ನಾಳೆ ಬರುವೆನೆಂದು ಹೇಳಿ ಹೋಗಲಿಲ್ಲ. ಆಗಲೇ ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಖರ್ಚನ್ನೂ ಕೊಟ್ಟನು. ನೆರೆಯವನಿಗೆ ತೋರಬೇಕಾದ ಆ ತ್ವರೆಯನ್ನು ನಮ್ಮ ಮನೆಯವರಿಗೂ ನಮ್ಮ ದೇಹಕ್ಕೂ ತೋರಬೇಕಾದುದು ನ್ಯಾಯ. ಈ ಬರಹವನ್ನು ಓದುವಾಗ ಯಾರಿಗಾದರೂ ತಾವು ಮುಚ್ಚಿಟ್ಟ ಒಂದು ನೋವಿನ ನೆನಪಾದರೆ, ಅವರು ಅದನ್ನು ಇಂದೇ ಮನೆಯಲ್ಲಿ ಒಬ್ಬರಿಗೆ ಹೇಳಲಿ. ನಾಳೆ ವೈದ್ಯರಿಗೆ ಹೇಳಲಿ.