ಗೀಸರ್ ಇರಲಿ, ಬಿಸಿಲು ಮುಂದಿರಲಿ

ಸೋಲಾರ್ ವಾಟರ್ ಹೀಟರ್ ಹಾಕಿಸುವುದೆಂದರೆ ಹಳೆಯ ಗೀಸರನ್ನು ಗುಜರಿಗೆ ಕಳಿಸುವುದು ಎಂಬ ಭಾವನೆ ಹಲವರಲ್ಲಿದೆ. ಕಡಬ ತಾಲ್ಲೂಕಿನ ಕೊಯಿಲದಂಥ ಊರಿಗೆ ಎರಡನ್ನೂ ಜೋಡಿಸುವುದೇ ಲೇಸು. 25 ಡಿಗ್ರಿಯ 100 ಲೀಟರ್ ನೀರನ್ನು 50 ಡಿಗ್ರಿಗೆ ಕಾಯಿಸಲು ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಮಾಡಿನ ಮೇಲಿನ ಸೋಲಾರ್ ಟ್ಯಾಂಕಿನ ಬಿಸಿನೀರನ್ನು ಗೀಸರಿನ ಒಳಹರಿವಿಗೆ ಕೊಟ್ಟರೆ, ನೀರು ಸಾಕಷ್ಟು ಬಿಸಿ ಇದ್ದಾಗ ಥರ್ಮೋಸ್ಟಾಟ್ ಕರೆಂಟು ಎಳೆಯುವುದಿಲ್ಲ. ಕೊರತೆ ಬಿದ್ದಷ್ಟನ್ನು ಮಾತ್ರ ತುಂಬುತ್ತದೆ. ಆದರೆ 15–25 ಲೀಟರಿನ ಗೀಸರನ್ನೇ ಸೋಲಾರ್ ಟ್ಯಾಂಕ್ ಮಾಡಹೊರಡುವುದು ಸಲ್ಲದು: ಅದು ಚಿಕ್ಕದು. ಮೇಲಾಗಿ, ಪಂಪಿಲ್ಲದೆ ಬಿಸಿನೀರು ತಾನಾಗಿ ಏರಬೇಕಾದರೆ ಟ್ಯಾಂಕ್ ಫಲಕಕ್ಕಿಂತ ಎತ್ತರದಲ್ಲಿರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಕರಾವಳಿಯಲ್ಲಿ ಸೋಲಾರ್ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಗೀಸರ್ ಉಳಿಸಿಕೊಳ್ಳುವುದು ಆ ತಿಂಗಳುಗಳಿಗಾಗಿಯೇ. ಉಳಿದ ಎಂಟು ತಿಂಗಳ ಬಿಸಿಲನ್ನು ಮಳೆಗಾಲದ ನೆಪದಲ್ಲಿ ಬಿಟ್ಟುಕೊಡಬೇಕಿಲ್ಲ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಪುಕ್ಕಟೆಯಲ್ಲವೇ ಎನ್ನುವವರು, ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕೆಂಬುದನ್ನು ನೆನೆಯಬೇಕು. ಆ ಗಡಿಯತ್ತ ಮನೆಯನ್ನು ತಳ್ಳುವ ಸಾಧನಗಳಲ್ಲಿ 2 ಕಿಲೋವ್ಯಾಟ್ ಗೀಸರೂ ಒಂದು. ಅಡಿಕೆ ಸೋಗೆ, ತೆಂಗಿನ ಮಡಲು ಉರಿಸಿ ಬಚ್ಚಲ ಹಂಡೆ ಕಾಯಿಸುವವರಿಗೆ ಅವಸರವೇನಿಲ್ಲ. ಗೀಸರನ್ನೇ ನೆಚ್ಚಿದ ಮನೆಗಳು ಮಾತ್ರ ಲೆಕ್ಕ ಹಾಕಲಿ. ಬಿಸಿನೀರು ತಾಳುವ ಸಿಪಿವಿಸಿ ಪೈಪು, ಒತ್ತಡ ಬಿಡುಗಡೆಯ ವಾಲ್ವ್, ತಣ್ಣೀರು ಬೆರೆಸುವ ನಲ್ಲಿ ಇವುಗಳಲ್ಲಿ ಜಿಪುಣತನ ಬೇಡ. ಉಳಿತಾಯ ಸುರಕ್ಷತೆಯ ನಂತರದ ಮಾತು.