ದೋಣಿ ಹಿಂದೆ ಕಟ್ಟಿದ ಎಂಜಿನ್ನು, ನಮ್ಮ ಆರ್‌ಎಕ್ಸ್ ಪ್ರೀತಿ

(1/6)

ಆರ್‌ಎಕ್ಸ್ 100 ಪೋಸ್ಟ್‌ಗೆ ಬಂದ ಕಾಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ಟೂ ಸ್ಟ್ರೋಕ್ ಕಾಲ ವಾಪಸ್ ಬರಬೇಕು ಗುರು. ಸರಿ, ಬರಲಿ. ಆದರೆ ಟೂ ಸ್ಟ್ರೋಕ್‌ನ ಅತಿ ದೊಡ್ಡ ಜಾತ್ರೆ ನಡೆದಿದ್ದು ರಸ್ತೆ ಮೇಲಲ್ಲ, ನೀರಿನ ಮೇಲೆ. ಈ ಸಲದ ಸರಣಿ ಔಟ್‌ಬೋರ್ಡ್ ದೋಣಿ ರೇಸ್ ಬಗ್ಗೆ.

ನಗಬೇಡಿ. ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಪಿನಾಕಿನಿ, ಪಾಲಾರ್, ಚಿತ್ರಾವತಿ ಎಲ್ಲ ನಂದಿ ಬೆಟ್ಟದ ಸುತ್ತಮುತ್ತ ಹುಟ್ಟಿ, ಮಳೆ ಬಂದಾಗ ಮಾತ್ರ ಮುಖ ತೋರಿಸ್ತಾವೆ. ಜಂಗಮಕೋಟೆಯಲ್ಲಿ ಕೂತು ಸ್ಪೀಡ್ ಬೋಟ್ ಬಗ್ಗೆ ಬರೆಯೋನಿಗೆ ಬೇರೆ ಕೆಲಸ ಇಲ್ವಾ ಅಂತ ಕೇಳೋರು ಕೊನೇ ಪೋಸ್ಟ್‌ವರೆಗೂ ಬನ್ನಿ.

ಔಟ್‌ಬೋರ್ಡ್ ಅಂದರೆ ಇಷ್ಟೇ: ಎಂಜಿನ್ನು ದೋಣಿಯ ಹೊಟ್ಟೆಯೊಳಗೆ ಇರಲ್ಲ, ಹಿಂಭಾಗದ ಹಲಗೆಗೆ ಹೊರಗಿನಿಂದ ಬಿಗಿದಿರುತ್ತೆ. ಮೇಲೆ ಎಂಜಿನ್ನು, ಕೆಳಗೆ ನೀರಲ್ಲಿ ತಿರುಗೋ ಪ್ರೊಪೆಲ್ಲರ್. ತಣ್ಣಗಾಗೋಕೆ ರೇಡಿಯೇಟರ್ ಬೇಡ, ಕೆರೆ ನೀರನ್ನೇ ಎಳ್ಕೊಂಡು ಹೊರಗೆ ಬಿಡುತ್ತೆ. ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡು ಮನೆಗೆ ಹೋಗಬಹುದು. ಈ ಕೊನೇ ಮಾತು ನೆನಪಿರಲಿ, ನನ್ನ ವಾದ ಪೂರ್ತಿ ಅದರ ಮೇಲೇ ನಿಂತಿದೆ.

(2/6)

ಇದನ್ನ ಮಾರುಕಟ್ಟೆಗೆ ತಂದು ಗೆದ್ದವನು ಓಲ್ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಕುಟುಂಬದವನು. ಬಿಸಿಲಲ್ಲಿ ಕೆರೆ ದಾಟಿ ಹುಟ್ಟು ಹಾಕ್ಕೊಂಡು ಹೋಗಿ ಬೆಸ್‌ಗೆ ಐಸ್‌ಕ್ರೀಂ ತಂದ, ಬರೋಷ್ಟರಲ್ಲಿ ಅದು ಕರಗಿತ್ತು, ಆಗ ಈ ಯೋಚನೆ ಬಂತು ಅಂತ ಕಥೆ ಹೇಳ್ತಾರೆ. 1909ರಲ್ಲಿ ಅವನು ಮಾರೋಕೆ ಶುರು ಮಾಡಿದ ಎಂಜಿನ್ನಿಗೆ ಇದ್ದಿದ್ದು ಒಂದೂವರೆ ಎಚ್‌ಪಿ. ನಮ್ಮ ಆರ್‌ಎಕ್ಸ್‌ಗೆ 11. ಬೆಸ್ ಬರೀ ಕಥೆಯ ನಾಯಕಿ ಅಲ್ಲ. ಮದುವೆ ಆದ ಮೇಲೆ ಕಂಪನಿಯ ಲೆಕ್ಕಪತ್ರ, ಜಾಹೀರಾತು ನೋಡ್ಕೊಂಡಿದ್ದು ಅವಳೇ. ಹುಟ್ಟು ಬಿಸಾಕಿ, ಎಂಜಿನ್ನು ತಗೊಳ್ಳಿ ಅನ್ನೋ ಅರ್ಥದ ಜಾಹೀರಾತು ಅವಳದ್ದೇ.

ಇನ್ನೊಬ್ಬನ ಕಥೆ ನನಗೆ ಇದಕ್ಕಿಂತ ಇಷ್ಟ. ಕಾರ್ಲ್ ಕೀಕ್‌ಹೇಫರ್. 1939ರಲ್ಲಿ ಸೀಡರ್‌ಬರ್ಗ್ ಅನ್ನೋ ಊರಲ್ಲಿ ಮುಳುಗಿಹೋಗಿದ್ದ ಒಂದು ಕಾರ್ಖಾನೆ ಕೊಂಡ. ಅವನಿಗೆ ಬೇಕಾಗಿದ್ದು ಬೇರೆ ವ್ಯಾಪಾರ, ದೋಣಿ ಅಲ್ಲವೇ ಅಲ್ಲ. ಒಳಗೆ ಹೋಗಿ ನೋಡಿದರೆ ಸುಮಾರು 300 ಔಟ್‌ಬೋರ್ಡ್ ಎಂಜಿನ್ನುಗಳು ಬಿದ್ದಿದ್ದವು. ಸರಿಯಾಗಿ ಸ್ಟಾರ್ಟೇ ಆಗಲ್ಲ ಅಂತ ಮಾಂಟ್ಗೊಮರಿ ವಾರ್ಡ್ ಅನ್ನೋ ದೊಡ್ಡ ಅಂಗಡಿಯವರು ವಾಪಸ್ ಕಳಿಸಿದ್ದ ಮಾಲು. ಕೈಗೆ ದುಡ್ಡು ಬರಲಿ ಅಂತ ಎಲ್ಲ ಬಿಚ್ಚಿ ರಿಪೇರಿ ಮಾಡಿದ. ಅದೇ ಅಂಗಡಿಯವರು ತಗೊಂಡರು, ಇನ್ನಷ್ಟು ಕೊಡಿ ಅಂದರು. ಅಲ್ಲಿಂದ ಹುಟ್ಟಿದ್ದು ಮರ್ಕ್ಯುರಿ ಕಂಪನಿ. ಶಿಡ್ಲಘಟ್ಟದ ಯಾವುದಾದರೂ ಗ್ಯಾರೇಜಿನ ಹಿಂದೆ ಬಿದ್ದಿರೋ ಎಂಜಿನ್ ರಾಶಿ ನೋಡಿದಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗ್ತಾನೆ.

(3/6)

ಈಗ ಸುವರ್ಣ ಕಾಲದ ವಿಷಯಕ್ಕೆ. ಹಳೇ ರೇಸ್ ಅಭಿಮಾನಿಗಳನ್ನ ಕೇಳಿ, ಬಹಳ ಜನ 1970ರ ದಶಕ, 80ರ ಶುರು ಅಂತಾರೆ. ಪ್ಯಾರಿಸ್‌ನ ಸೆನ್ ನದಿಯಲ್ಲಿ ಆರು ಗಂಟೆ ರೇಸು, ಇಂಗ್ಲೆಂಡಿನ ಬ್ರಿಸ್ಟಲ್ ಹಡಗುಕಟ್ಟೆಯಲ್ಲಿ ಗ್ರಾಂಡ್ ಪ್ರಿ, ಇಟಲಿಯ ರೆನಾಟೊ ಮೊಲಿನಾರಿ, ಅಮೆರಿಕದ ಬಿಲ್ ಸೀಬೋಲ್ಡ್. ವಿಡಿಯೋ ನೋಡಿದರೆ ಮೈ ಜುಂ ಅನ್ನುತ್ತೆ, ಇಲ್ಲ ಅನ್ನಲ್ಲ. ಆದರೂ ನಾನು ಒಪ್ಪಲ್ಲ. ನನ್ನ ಪ್ರಕಾರ ಸುವರ್ಣ ಕಾಲ ಅದಕ್ಕಿಂತ 20 ವರ್ಷ ಹಿಂದೇನೇ ಇತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸ್ಟಾಕ್ ಔಟ್‌ಬೋರ್ಡ್ ಅನ್ನೋ ವಿಭಾಗ ಜೋರಾಗಿ ಬೆಳೀತು. ಸ್ಟಾಕ್ ಅಂದರೆ ಅಂಗಡಿಯಿಂದ ತಂದ ಹಾಗೇ. ಶನಿವಾರ ಮೀನು ಹಿಡಿಯೋಕೆ ಹೋದ ಎಂಜಿನ್ನನ್ನೇ ಭಾನುವಾರ ಪ್ಲೈವುಡ್ ದೋಣಿಗೆ ಕಟ್ಟಿ ರೇಸಿಗೆ ಇಳಿಸಬಹುದಿತ್ತು. ದೋಣಿ ಮನೇಲೇ ಮಾಡ್ಕೊಳ್ತಿದ್ದರು, ಅದರ ನಕ್ಷೆ ಪತ್ರಿಕೆಗಳಲ್ಲಿ ಸಿಗ್ತಿತ್ತು. ಓಡಿಸೋನು ಮೊಣಕಾಲೂರಿ ಕೂತು, ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ಥ್ರಾಟಲ್ಲು. ಎಂಜಿನ್ ಗಾತ್ರದ ಪ್ರಕಾರ ವಿಭಾಗ. ಚಿಕ್ಕ ಎಂಜಿನ್ ಇದ್ದವನು ಚಿಕ್ಕ ಎಂಜಿನ್ ಇದ್ದವನ ಜೊತೆ ಮಾತ್ರ ಸ್ಪರ್ಧೆ ಮಾಡ್ತಿದ್ದ.

ಕಂಪನಿಗಳಿಗೂ ಇದರಲ್ಲಿ ಲಾಭ ಇತ್ತು. ಭಾನುವಾರ ಗೆದ್ದ ಎಂಜಿನ್ನನ್ನ ಸೋಮವಾರ ಜನ ಅಂಗಡಿಯಲ್ಲಿ ಹುಡುಕ್ತಾ ಬರ್ತಿದ್ದರು. ಮರ್ಕ್ಯುರಿಯವರು 10 ಎಚ್‌ಪಿ ಅಂತ ಸ್ಟಿಕ್ಕರ್ ಅಂಟಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯೋ ಎಂಜಿನ್ ಮಾರ್ತಿದ್ದರಂತೆ. ನಮ್ಮಲ್ಲಿ ಎಲ್ಲರೂ ಇರೋದಕ್ಕಿಂತ ಜಾಸ್ತಿ ಹೇಳ್ತಾರೆ, ಇವರು ಕಮ್ಮಿ ಹೇಳಿ ಗೆದ್ದರು!

ಅರಿಜೋನಾ ಮರಳುಗಾಡಿನ ಲೇಕ್ ಹವಾಸುವಿನದ್ದು ಇನ್ನೂ ಮಜವಾದ ಕಥೆ. ಅದು ನೈಸರ್ಗಿಕ ಸರೋವರ ಅಲ್ಲ, 1938ರಲ್ಲಿ ಕಟ್ಟಿ ಮುಗಿಸಿದ ಪಾರ್ಕರ್ ಅಣೆಕಟ್ಟಿನ ಹಿನ್ನೀರು. ಮರ ಕೊಯ್ಯೋ ಗರಗಸ ಮಾಡ್ತಿದ್ದ ರಾಬರ್ಟ್ ಮೆಕ್ಕಲಕ್ ತನ್ನ ಔಟ್‌ಬೋರ್ಡ್ ಎಂಜಿನ್ನು ಪರೀಕ್ಷೆ ಮಾಡೋಕೆ ಜಾಗ ಹುಡುಕ್ತಾ ಅಲ್ಲಿಗೆ ಬಂದ. ಜಾಗ ಇಷ್ಟವಾಗಿ ಅಲ್ಲೊಂದು ಊರನ್ನೇ ಕಟ್ಟಿದ. 1964ರಿಂದ ಅಲ್ಲಿ ಔಟ್‌ಬೋರ್ಡ್ ವಿಶ್ವ ಚಾಂಪಿಯನ್‌ಷಿಪ್ ಅಂತ ದೊಡ್ಡ ರೇಸು. ಊರಿಗೆ ಜನ ಬರಲಿ ಅಂತ 1968ರಲ್ಲಿ ಲಂಡನ್ ಸೇತುವೆಯನ್ನೇ 24.6 ಲಕ್ಷ ಡಾಲರ್‌ಗೆ ಕೊಂಡು, ಕಲ್ಲಿಗೆ ನಂಬರ್ ಹಾಕಿ ತಂದು ಮರಳುಗಾಡಲ್ಲಿ ಜೋಡಿಸಿದ. ಸೇತುವೆ ಇವತ್ತೂ ಅಲ್ಲೇ ಇದೆ. ಅವನ ಔಟ್‌ಬೋರ್ಡ್ ಎಂಜಿನ್ನು ಇಲ್ಲ.

(4/6)

ಆಮೇಲೆ ಏನಾಯ್ತು? ಕಂಪನಿಗಳ ಜಿದ್ದು ಶುರುವಾಯ್ತು. ಒಂದು ಕಡೆ ಮರ್ಕ್ಯುರಿ, ಇನ್ನೊಂದು ಕಡೆ ಎವಿನ್‌ರೂಡ್ ಮತ್ತು ಜಾನ್ಸನ್ ಎರಡನ್ನೂ ಇಟ್ಕೊಂಡಿದ್ದ ಓಎಂಸಿ. ಅಂಗಡಿಯಲ್ಲಿ ಸಿಗದ ಎಂಜಿನ್ನು ರೇಸಿಗೆ ಬಂತು. ಸಂಬಳದ ಚಾಲಕರು ಬಂದರು. 1981ರಲ್ಲಿ ಫಾರ್ಮುಲಾ 1 ದೋಣಿ ರೇಸ್ ಶುರುವಾದಾಗ ಓಎಂಸಿ ಇಳಿಸಿದ್ದು 3.5 ಲೀಟರ್ ವಿ8. ದೋಣಿಗಳ ಆಕಾರವೂ ಬದಲಾಗಿತ್ತು. ಎರಡು ಪಕ್ಕೆಗಳ ನಡುವೆ ಸುರಂಗದ ಹಾಗೆ ಖಾಲಿ ಜಾಗ, ಅಲ್ಲಿ ನುಗ್ಗೋ ಗಾಳಿ ದೋಣಿಯನ್ನ ನೀರಿಂದ ಎತ್ತಿ ಹಿಡಿಯುತ್ತೆ. ನೀರಿಗೆ ತಾಗೋದು ಚೂರೇ ಚೂರು. ಮೂತಿ ಸ್ವಲ್ಪ ಜಾಸ್ತಿ ಎದ್ದರೆ ಗಾಳಿಪಟದ ಹಾಗೆ ಹಿಂದಕ್ಕೆ ಮಗುಚಿಕೊಳ್ಳುತ್ತೆ. ಬ್ರೇಕ್ ಇಲ್ಲ, ಆಗ ಚಾಲಕನ ಸುತ್ತ ಕವಚವೂ ಇರಲಿಲ್ಲ.

ಬ್ರಿಸ್ಟಲ್‌ನಲ್ಲಿ 1972ರಿಂದ 1990ರವರೆಗೆ ರೇಸ್ ನಡೀತು. ಇಕ್ಕಟ್ಟಾದ ನೀರು, ಎರಡೂ ಕಡೆ ಕಲ್ಲಿನ ಗೋಡೆ, ಗೋಡೆ ಮೇಲೆ ಜನಸಾಗರ. ಚಾಲಕರು ಒಬ್ಬರಾದ ಮೇಲೆ ಒಬ್ಬರು ಅಲ್ಲೇ ಸತ್ತರು. 1984ರಲ್ಲಿ ಯುರೋಪಿನ ರೇಸುಗಳಲ್ಲೂ ಸಾಲು ಸಾವು. ಆಗ ಬ್ರಿಟನ್ನಿನ ಕ್ರಿಸ್ ಹಾಜಸ್, ದೋಣಿ ಒಡೆದರೂ ಚಾಲಕ ಕೂತ ಗೂಡು ಒಡೆಯಬಾರದು ಅಂತ ಗಟ್ಟಿ ಸುರಕ್ಷಾ ಗೂಡು ಮಾಡಿದರು. ಅದು ಬಂದಿದ್ದಕ್ಕೆ ಇವತ್ತಿನ ಚಾಲಕರು ಮಗುಚಿ ಬಿದ್ದರೂ ಸಾಮಾನ್ಯವಾಗಿ ಎದ್ದು ಬರ್ತಾರೆ.

ಈ ವರ್ಷಗಳನ್ನೇ ನಾವು ಸುವರ್ಣ ಅಂತ ಕರೀತೀವಿ, ಯಾಕಂದರೆ ವಿಡಿಯೋ ಇರೋದು ಇವುಗಳದ್ದೇ. ಮನೇಲಿ ಮಾಡಿದ ದೋಣಿ ತಗೊಂಡು ಬರ್ತಿದ್ದವನು ಆ ಹೊತ್ತಿಗೆ ದೊಡ್ಡ ರೇಸಿನಿಂದ ಹೊರಗೆ ಬಿದ್ದಾಗಿತ್ತು. ಅವನ ರೀಲ್ ಯಾರೂ ಮಾಡಲಿಲ್ಲ.

ಎಂಜಿನ್ನಿನ ಕಥೆಯೂ ಹಾಗೇ ಮುಗೀತು. ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಕುಡಿದ ಇಂಧನದಲ್ಲಿ ಕಾಲು ಭಾಗದಷ್ಟು ಸುಡದೇ ಹೊಗೆ ಜೊತೆ ಹೊರಗೆ ಹೋಗ್ತಿತ್ತು, ಆ ಹೊಗೆ ಬಿಡೋದು ನೀರೊಳಗೇ. 1996ರಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಕಟ್ಟುನಿಟ್ಟಿನ ನಿಯಮ ತಂತು. ನಮ್ಮಲ್ಲಿ ಆರ್‌ಎಕ್ಸ್ 100 ನಿಂತಿದ್ದೂ 1996, ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದೂ 1996. ಮೂರಕ್ಕೂ ಕಾರಣ ಪೂರ್ತಿ ಒಂದೇ ಅಲ್ಲ, ವರ್ಷ ಮಾತ್ರ ಒಂದೇ. ಓಎಂಸಿ 2000ದ ಕೊನೆಯಲ್ಲಿ ದಿವಾಳಿ ಆಯ್ತು. ಎವಿನ್‌ರೂಡ್ ಹೆಸರನ್ನ ಬೇರೆಯವರು ಕೊಂಡು 20 ವರ್ಷ ಎಳೆದರು, 2020ರಲ್ಲಿ ಅದೂ ನಿಂತುಹೋಯ್ತು.

(5/6)

ನಮ್ಮ ಹತ್ತಿರಕ್ಕೂ ಈ ರೇಸ್ ಬಂದಿತ್ತು. 2018ರ ನವೆಂಬರ್ 16ರಿಂದ 18, ವಿಜಯವಾಡದ ಪುನ್ನಮಿ ಘಾಟ್, ಕೃಷ್ಣಾ ನದಿ. ನಮ್ಮ ಮನೆಗಳಲ್ಲಿ ತೆಲುಗು ಚಾನೆಲ್ ಓಡ್ತಾನೇ ಇರುತ್ತಲ್ಲ, ಕೆಲವರು ನೋಡಿರಬಹುದು. ಎರಡೂವರೆ ಲೀಟರ್ ವಿ6 ಎಂಜಿನ್ನು, ಸುಮಾರು 400 ಎಚ್‌ಪಿ, ಗಂಟೆಗೆ 200 ಕಿಲೋಮೀಟರ್ ದಾಟೋ ವೇಗ. ಆಗಿನ್ನೂ ಕಟ್ಟಿ ಮುಗಿಯದ ರಾಜಧಾನಿಯ ಹೆಸರಲ್ಲಿ ಟೀಮ್ ಅಮರಾವತಿ ಅಂತ ಒಂದು ತಂಡವೂ ಇತ್ತು. ಓಡಿಸಿದವರು ಸ್ವೀಡನ್ನಿನವರು.

ದೋಣಿಗಳು ಬಂದವು, ಮೂರು ದಿನ ಕಿರುಚಿದವು, ಕಂಟೇನರ್ ಹತ್ತಿ ಹೋದವು. ಮುಂದಿನ ವರ್ಷದ ಪಟ್ಟಿಯಲ್ಲಿ ಅಮರಾವತಿ ಇರಲಿಲ್ಲ. ಇದರಲ್ಲಿ ಬರೀ ಆಂಧ್ರದವರನ್ನ ಆಡಿಕೊಳ್ಳೋದು ಬೇಡ, ಅವಕಾಶ ಸಿಕ್ಕಿದ್ದರೆ ನಮ್ಮವರೂ ಇದನ್ನೇ ಮಾಡ್ತಿದ್ದರು. ನನ್ನ ತಕರಾರು ಒಂದೇ. ಘಾಟಿನ ಮೇಲೆ ನಿಂತು ನೋಡಿದ ಹುಡುಗನಿಗೆ ಮಾರನೇ ದಿನ ಹೋಗಿ ಸೇರೋಕೆ ಏನಾದರೂ ಇತ್ತಾ? ಅಮೆರಿಕದಲ್ಲಿ 9 ವರ್ಷದ ಮಕ್ಕಳಿಗೂ ಸಣ್ಣ ಎಂಜಿನ್ನಿನ ರೇಸ್ ವಿಭಾಗ ಇದೆ. ಯುರೋಪಲ್ಲಿ 15 ಎಚ್‌ಪಿ ವಿಭಾಗದಲ್ಲಿ ಸ್ಕೂಲ್ ಹುಡುಗರು ರೇಸ್ ಕಲೀತಾರೆ. ಕೆಳಗಿನ ಮೆಟ್ಟಿಲು ಇಲ್ಲದೇ ಮೇಲಿನ ಮಹಡಿ ಮಾತ್ರ ತೋರಿಸಿದರೆ ಅದು ಕ್ರೀಡೆ ಅಲ್ಲ, ಸರ್ಕಸ್ಸು.

(6/6)

ಹಾಗಾದರೆ ನಮ್ಮ ಕೆರೆಗೆ ಸ್ಪೀಡ್ ಬೋಟ್ ಬಿಡೋಣ್ವಾ ಅಂತ ಯಾರಾದರೂ ಕೇಳೇ ಕೇಳ್ತೀರಿ. ಬೇಡ. ಸಾವಿರ ಅಡಿ ಕೊರೆದರೂ ನೀರು ಸಿಗೋ ಗ್ಯಾರಂಟಿ ಇಲ್ಲದ ಕಡೆ ಕೆರೆ ಇರೋದು ಅಂತರ್ಜಲಕ್ಕೆ. ಎಚ್‌.ಎನ್. ವ್ಯಾಲಿಯಿಂದ ಬರೋ ಬೆಂಗಳೂರಿನ ಸಂಸ್ಕರಿಸಿದ ನೀರನ್ನೇ ಮೂರನೇ ಹಂತದವರೆಗೂ ಶುದ್ಧ ಮಾಡಿ ಕೊಡಿ ಅಂತ ನಮ್ಮ ಜಿಲ್ಲೆಯ ರೈತರು ಹೋರಾಟ ಮಾಡ್ತಿದ್ದಾರೆ. ಅದರ ಮೇಲೆ ಆಯಿಲ್ ಪೆಟ್ರೋಲ್ ಬೇರೆ ಬೆರೆಸೋದಾ? ಅಮೆರಿಕದ ಲೇಕ್ ಟಾಹೋದಲ್ಲಿ ಹಳೇ ಮಾದರಿ ಟೂ ಸ್ಟ್ರೋಕ್ ದೋಣಿಗಳನ್ನ 1999ರಲ್ಲೇ ನಿಲ್ಲಿಸಿದರು. ಅಷ್ಟು ನೀರಿರೋರೇ ಬೇಡ ಅಂದ ಮೇಲೆ, ಹೂಳು ತುಂಬಿದ ಕೆರೆ ಇಟ್ಕೊಂಡ ನಮಗ್ಯಾಕೆ?

ಇದಕ್ಕೆ ಸರಿಯಾದ ಜಾಗ ಕರಾವಳಿ. ಗಂಗೊಳ್ಳಿ, ಉಪ್ಪುಂದ, ಮಲ್ಪೆ ಕಡೆ ಹೋದರೆ ನಾಡದೋಣಿ ಹಿಂದೆ ಔಟ್‌ಬೋರ್ಡ್ ಕಾಣುತ್ತೆ. ತುಂಬಾ ಕಡೆ 9.9 ಎಚ್‌ಪಿ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸ್ತಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದ್ದಾಗ 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ವಿನಾಯಿತಿ. 9.9 ಅನ್ನೋ ಆ ವಿಚಿತ್ರ ಸಂಖ್ಯೆ ಅಲ್ಲಿ ಎಷ್ಟು ಅನುಕೂಲ ಅಂತ ಈಗ ಗೊತ್ತಾಯ್ತಾ? ಮಳೆಗಾಲದ ಕಡಲಲ್ಲಿ ಆ ಎಂಜಿನ್ ಕೈಕೊಟ್ಟರೆ ಜೀವವೇ ಹೋಗಬಹುದು. ಹಾಗಾಗಿ ಅದನ್ನ ಬಿಚ್ಚಿ ಜೋಡಿಸೋ ಕೈಗಳು ಅಲ್ಲಿ ಊರೂರಲ್ಲೂ ಇವೆ. ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಸಿಗಲ್ಲ ಅನ್ನೋದು ಅವರ ಹಳೇ ಗೋಳು. ಸುದ್ದಿಯಲ್ಲಿ ಅವರು ಕಾಣೋದು ಆ ಗೋಳಿಗೋಸ್ಕರ ಮಾತ್ರ. ಕೈಚಳಕಕ್ಕೋಸ್ಕರ ಯಾರೂ ತೋರಿಸಲ್ಲ.

ಸರ್ಕಾರಕ್ಕೋ ಪ್ರವಾಸೋದ್ಯಮದವರಿಗೋ ದೋಣಿ ರೇಸ್ ಮಾಡೋ ಆಸೆ ಬಂದರೆ ಅಲ್ಲಿಂದ ಶುರು ಮಾಡಲಿ. 9.9ರ ಒಂದೇ ವಿಭಾಗ. ಹೊಸ ಫೋರ್ ಸ್ಟ್ರೋಕ್ ಎಂಜಿನ್ನು, ಎಲ್ಲರಿಗೂ ಒಂದೇ ಮಾದರಿ. ಅಳಿವೆಯ ಒಳಗಿನ ಶಾಂತ ನೀರಲ್ಲಿ, ಮೀನುಗಾರಿಕೆಗೆ ಅಡ್ಡಿ ಆಗದ ದಿನ, ಲೈಫ್ ಜಾಕೆಟ್ ಹೆಲ್ಮೆಟ್ ಕಡ್ಡಾಯ. ಎಂಜಿನ್ನುಗಳನ್ನ ಬೆಳಗ್ಗೆ ಎಲ್ಲರ ಮುಂದೆ ಚೀಟಿ ಎತ್ತಿ ಹಂಚಲಿ, ದುಡ್ಡಿದ್ದವನು ಒಳಗೆ ಏನೂ ಬದಲಾಯಿಸೋಕೆ ಆಗಬಾರದು. ಗೆದ್ದವನಿಗೆ ಟ್ರೋಫಿ ಜೊತೆ ಆ ಎಂಜಿನ್ನನ್ನೂ ಕೊಡಲಿ, ಸೋಮವಾರ ಮೀನು ಹಿಡಿಯೋಕೆ ತಗೊಂಡು ಹೋಗ್ಲಿ. ಅದನ್ನ ನೋಡೋಕಾದರೆ ಶಿಡ್ಲಘಟ್ಟದಿಂದ ರಾತ್ರಿ ಬಸ್ ಹತ್ತೋಕೆ ನಾನು ರೆಡಿ. ಯಾರ್ಯಾರು ಬರ್ತೀರಾ ಕೆಳಗೆ ಹಾಕಿ.

ಮುಂದಿನ ಸರಣಿ: ಮೈಸೂರಿನ ಜಾವಾ ಕಾರ್ಖಾನೆ.