ಕಣ್ಣು ಉದ್ದ ಬೆಳೆದರೆ

ಕರಿಹಲಗೆಯ ಮೇಲಿನ ಬರಹ ಕಾಣದೆ ಪಕ್ಕದವನ ಪುಸ್ತಕವನ್ನು ನೋಡಿ ಬರೆದುಕೊಳ್ಳುವ ಮಗು ಒಂದೊಂದು ತರಗತಿಯಲ್ಲೂ ಇರುವುದುಂಟು. ಉಪಾಧ್ಯಾಯರು ಅದನ್ನು ಅಲಕ್ಷ್ಯವೆಂದು ತಿಳಿಯುತ್ತಾರೆ. ಮನೆಯವರು ದಡ್ಡತನವೆಂದು ಕೊರಗುತ್ತಾರೆ. ಮಗುವಿಗಾದರೋ ಲೋಕವೆಲ್ಲ ಹೀಗೆಯೇ ಮಸುಕಾಗಿರುವುದೆಂಬ ಭಾವನೆ. ಹುಟ್ಟಿದಾರಭ್ಯ ಸ್ಪಷ್ಟವಾಗಿ ಕಾಣದವರು ‘ಕಾಣುತ್ತಿಲ್ಲ’ ಎಂದು ದೂರುವುದಾದರೂ ಹೇಗೆ?

ಈ ದೋಷಕ್ಕೆ ಸಮೀಪದೃಷ್ಟಿಯೆಂದು ಹೆಸರು. ವೈದ್ಯರು ಮಯೋಪಿಯಾ ಎನ್ನುತ್ತಾರೆ. ಹತ್ತಿರದ ವಸ್ತು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಸೌಮ್ಯವಾದುದಕ್ಕೆ ಕನ್ನಡಕವೇ ಸಾಕು. ಆದರೆ ಕನ್ನಡಕದ ಪವರ್ ಮೈನಸ್ ೬ ಡಯಾಪ್ಟರನ್ನು ಮುಟ್ಟಿತೆಂದರೆ ಅದು ತೀವ್ರ ಸಮೀಪದೃಷ್ಟಿ. ಅಂಥವರು ಕನ್ನಡಕವನ್ನು ತೆಗೆದಿಟ್ಟರೆ ಒಂದು ಗೇಣಿನಾಚೆಗಿರುವುದೆಲ್ಲ ಮಸುಕು.

ದೋಷವಿರುವುದು ಎಲ್ಲಿ?

ದೂರದ ವಸ್ತುವಿನಿಂದ ಬಂದ ಬೆಳಕಿನ ಕಿರಣಗಳು ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಕೂಡಬೇಕು. ಸಮೀಪದೃಷ್ಟಿಯಲ್ಲಿ ಅದಕ್ಕೂ ಮುಂಚೆಯೇ ಕೂಡುತ್ತವೆ. ಇದನ್ನು ೧೬೦೪ರಲ್ಲಿಯೇ ವಿವರಿಸಿದವನು ಜರ್ಮನಿಯ ಖಗೋಳಜ್ಞ ಕೆಪ್ಲರ್. ಹೀಗಾಗುವುದು ಬಹುಮಟ್ಟಿಗೆ ನೇತ್ರಗೋಳದ ಉದ್ದದಿಂದ. ಹುಟ್ಟಿದ ಶಿಶುವಿನ ಕಣ್ಣು ಸುಮಾರು ೧೭ ಮಿಲಿಮೀಟರು ಉದ್ದವಿದ್ದು, ಬೆಳೆದವರಲ್ಲಿ ಸುಮಾರು ೨೪ ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ನಿಲ್ಲಬೇಕಾದ ಕಡೆ ನಿಲ್ಲದೆ ಒಂದು ಮಿಲಿಮೀಟರು ಹೆಚ್ಚು ಬೆಳೆದರೆ ಕನ್ನಡಕದ ಪವರ್ ಎರಡೂವರೆ, ಮೂರು ಡಯಾಪ್ಟರಿನಷ್ಟು ಏರುತ್ತದೆ. ಗೋಳ ಹಿಗ್ಗಿದಂತೆ ಅದರ ಒಳಪದರ ತೆಳುವಾಗುತ್ತದೆ. ತೀವ್ರ ಸಮೀಪದೃಷ್ಟಿಯವರಿಗೆ ಅಕ್ಷಿಪಟಲ ಕಳಚಿಕೊಳ್ಳುವ, ಅದರ ನಡುಭಾಗ ಸವೆಯುವ, ಗ್ಲಾಕೋಮಾ ಬರುವ, ಬೇಗನೆ ಪೊರೆ ಕಟ್ಟುವ ಭಯ ಇತರರಿಗಿಂತ ಹೆಚ್ಚಾಗಿರುವುದು ಇದರಿಂದಲೇ.

ಕಾರಣವೇನು?

ತಂದೆತಾಯಿಗಳಿಬ್ಬರಿಗೂ ಈ ದೋಷವಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಇದಕ್ಕೆ ಸಂಬಂಧಿಸಿದ ವಂಶವಾಹಿ ತಾಣಗಳು ನೂರಕ್ಕೂ ಮೀರಿ ಪತ್ತೆಯಾಗಿವೆ. ಎಳೆತನದಲ್ಲಿಯೇ ತೀವ್ರವಾಗಿ ಕಾಣಿಸಿಕೊಳ್ಳುವ ಕೆಲವು ಅಪರೂಪದ ಬಗೆಗಳಂತೂ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು; ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆಯಿರುವ ನಾಡಿನಲ್ಲಿ ಇದು ನೆನಪಿನಲ್ಲಿಡತಕ್ಕ ವಿಷಯ.

ಆದರೆ ವಂಶವೊಂದೇ ಕಾರಣವೆನ್ನುವಂತಿಲ್ಲ. ಸಿಂಗಪುರದಲ್ಲಿ ಸೈನ್ಯಕ್ಕೆ ಸೇರುವ ಯುವಕರ ಪೈಕಿ ನೂರಕ್ಕೆ ಸುಮಾರು ೮೦ ಮಂದಿಗೆ ಸಮೀಪದೃಷ್ಟಿ. ಒಂದೆರಡು ತಲೆಮಾರಿನಲ್ಲಿ ವಂಶಗುಣ ಅಷ್ಟೊಂದು ಬದಲಾಗಲಾರದು. ಬದಲಾದುದು ಬಾಳಿನ ಕ್ರಮ. ಭಾರತದಲ್ಲಿಯೂ ಇದರ ಸೂಚನೆಯಿದೆ. ೨೦೦೨ರಲ್ಲಿ ಪ್ರಕಟವಾದ ಸಮೀಕ್ಷೆಗಳ ಪ್ರಕಾರ ಮಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ ನೂರು ಮಕ್ಕಳಿಗೆ ೪, ದೆಹಲಿಯಲ್ಲಿ ೭ ಮಕ್ಕಳಿಗೆ ಈ ದೋಷವಿತ್ತು. ೨೦೧೫ರಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು ದೆಹಲಿಯ ೯,೮೮೪ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ ೧೩ ಮಂದಿಯಲ್ಲಿ ಕಂಡುಬಂತು. ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಗಳಲ್ಲಿ ಹೆಚ್ಚು. ದಿನಕ್ಕೆ ಎರಡು ಗಂಟೆಗೆ ಮೀರಿ ಬಯಲಿನಲ್ಲಿ ಆಡುವ ಮಕ್ಕಳಲ್ಲಿ ಕಡಿಮೆ.

ಕಣ್ಣಿನ ಬೆಳವಣಿಗೆಯನ್ನು ನೋಟವೇ ತಿದ್ದುತ್ತದೆಯೆಂಬುದಕ್ಕೆ ಪ್ರಾಣಿಗಳಲ್ಲಿ ನಡೆದ ಪ್ರಯೋಗಗಳು ಸಾಕ್ಷಿ. ೧೯೭೭ರಲ್ಲಿ ವೀಸೆಲ್ ಮತ್ತು ರವಿಯೋಲ ಎಂಬ ವಿಜ್ಞಾನಿಗಳು ಮರಿಕೋತಿಗಳ ರೆಪ್ಪೆಯನ್ನು ಹೊಲಿದಿಟ್ಟಾಗ ಆ ಕಣ್ಣು ಉದ್ದವಾಗಿ ಬೆಳೆದುದು ಕಂಡಿತು. ಕೋಳಿಮರಿಗಳ ಕಣ್ಣಿನ ಅರ್ಧಭಾಗಕ್ಕೆ ಮಾತ್ರ ಮಸುಕು ಮರೆ ಕಟ್ಟಿದರೆ ಆ ಅರ್ಧವಷ್ಟೇ ಹಿಗ್ಗುತ್ತದೆ. ಅಂದರೆ ಎಷ್ಟು ಬೆಳೆಯಬೇಕೆಂಬ ಅಪ್ಪಣೆಯನ್ನು ಬಹುಮಟ್ಟಿಗೆ ಕಣ್ಣು ತಾನೇ ಕೊಟ್ಟುಕೊಳ್ಳುತ್ತದೆ.

ಬಿಸಿಲಿನ ಬೆಲೆ

ಮಂದ ದೀಪದಲ್ಲಿ ಓದಿದರೆ ಕಣ್ಣು ಕೆಡುವುದೆಂದು ಹಿರಿಯರು ಗದರಿಸುತ್ತಿದ್ದರು. ಈಗಿನ ಸಂಶೋಧನೆ ಬೆಟ್ಟುಮಾಡುವುದು ಬೇರೊಂದು ಕೊರತೆಯನ್ನು: ಹಗಲಿನ ಹೊರಬೆಳಕು. ಚೀನದ ಗ್ವಾಂಗ್‌ಝೌ ನಗರದ ೧೨ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಪ್ರತಿದಿನ ೪೦ ನಿಮಿಷಗಳ ಹೆಚ್ಚಿನ ಹೊರಾಂಗಣ ತರಗತಿ. ಮೂರು ವರ್ಷಗಳ ತರುವಾಯ, ಹೊರಗೆ ಹೋದವರಲ್ಲಿ ನೂರಕ್ಕೆ ೩೦ ಮಂದಿಗೆ, ಉಳಿದವರಲ್ಲಿ ಸುಮಾರು ೪೦ ಮಂದಿಗೆ ಸಮೀಪದೃಷ್ಟಿ ಬಂದಿತ್ತು. ಫಲಿತಾಂಶ ಪ್ರಕಟವಾದುದು ೨೦೧೫ರಲ್ಲಿ. ಬಿಸಿಲಿನ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ವಸ್ತು ಹೆಚ್ಚು ಸ್ರವಿಸಿ, ಅದು ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂಬುದು ತಜ್ಞರ ಊಹೆ.

ಇದಕ್ಕಾಗಿ ಮಗು ಸುಡುಬಿಸಿಲಿನಲ್ಲಿ ನಿಲ್ಲಬೇಕಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನ ನೆರಳಿನಲ್ಲಿರುವ ಬೆಳಕು ದೀಪ ಹಚ್ಚಿದ ಕೋಣೆಯ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು. ಮುಳಬಾಗಿಲು ಡಿ. ವಿ. ಗುಂಡಪ್ಪನವರ ಊರು, ಮಾಲೂರು ತಾಲ್ಲೂಕು ಮಾಸ್ತಿಯವರದು. ಓದನ್ನು ಗೌರವಿಸುವ ಸೀಮೆಯಲ್ಲಿ ಓದನ್ನು ಬಿಡಿಸಿರೆಂದು ಯಾರೂ ಹೇಳರು. ಶಾಲೆ ಬಿಟ್ಟೊಡನೆ ಟ್ಯೂಷನ್ನಿಗೂ, ಅಲ್ಲಿಂದ ಮೊಬೈಲಿಗೂ ಹೋಗುವ ಮಗುವಿಗೆ ನಡುವೆ ಬಯಲಿನ ಆಟವೂ ಇರಲಿ ಎಂಬುದಷ್ಟೇ ವೈದ್ಯರ ಮಾತು.

ಮದ್ದು ಉಂಟೇ?

ಉದ್ದವಾದ ಕಣ್ಣನ್ನು ಮತ್ತೆ ಗಿಡ್ಡ ಮಾಡಿ ರೂಢಿಯ ಅಳತೆಗೆ ತರುವ ಔಷಧವಿಲ್ಲ. ಬೆಳೆಯುವ ವೇಗವನ್ನು ತಗ್ಗಿಸುವ ಉಪಾಯಗಳಿವೆ. ಮೊದಲನೆಯದು ಅಟ್ರೋಪಿನ್ ಹನಿ. ಸಿಂಗಪುರದಲ್ಲಿ ೨೦೦೬ರ ಪರೀಕ್ಷೆಯಲ್ಲಿ ತೀಕ್ಷ್ಣವಾದ ಹನಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಬೆಳಕು ಕುಕ್ಕುವುದು, ಹತ್ತಿರದ್ದು ಮಸುಕಾಗುವುದು ಮುಂತಾದ ತೊಂದರೆಗಳಿದ್ದವು. ಬಳಿಕ ಬಹಳ ತೆಳುಗೊಳಿಸಿದ ಹನಿಗಳ ಪರೀಕ್ಷೆ ನಡೆಯಿತು. ಹಾಂಗ್‌ಕಾಂಗಿನಲ್ಲಿ ೨೦೧೯ರಲ್ಲಿ ನೂರಕ್ಕೆ ೦.೦೫ರ ಹನಿ ಅವುಗಳಲ್ಲಿ ಮೇಲೆನಿಸಿತು. ಭಾರತದ ಮಕ್ಕಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ೦.೦೧ರ ಹನಿಯೂ ಪವರ್ ಏರುವುದನ್ನು ನಿಧಾನಗೊಳಿಸಿತು. ಇದೇ ಅಟ್ರೋಪಿನ್ ಬೇಲಿಬದಿಯ ದತ್ತೂರಿಯಲ್ಲಿಯೂ ಉಂಟೆಂದು ಯಾರೂ ಅದರ ರಸವನ್ನು ಕಣ್ಣಿಗೆ ಹಿಂಡಕೂಡದು, ಅದು ವಿಷ. ಹನಿಯನ್ನು ನೇತ್ರವೈದ್ಯರ ಸಲಹೆಯಿಂದಲೇ ಹಾಕತಕ್ಕದ್ದು.

ಎರಡನೆಯದು ವಿಶೇಷ ಮಸೂರಗಳು. ಅಂಚಿನ ಭಾಗದಲ್ಲಿ ಬೇರೆ ಪವರ್ ಇರುವ ಇಂಥ ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸುಗಳು ೨೦೧೯, ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಪವರ್ ಏರುವ ವೇಗವನ್ನು ಅರ್ಧಕ್ಕೂ ಕಡಿಮೆ ಮಾಡಿದವು. ಇವು ಸಾಮಾನ್ಯ ಕನ್ನಡಕಕ್ಕಿಂತ ದುಬಾರಿ.

ಇನ್ನು ಲೇಸರ್ ಶಸ್ತ್ರಚಿಕಿತ್ಸೆ. ಕನ್ನಡಕ ತೊಲಗಿದೊಡನೆ ರೋಗವೂ ತೊಲಗಿತೆಂದು ಹಲವರು ಭಾವಿಸುತ್ತಾರೆ. ಲೇಸರ್ ತಿದ್ದುವುದು ಮುಂಬದಿಯ ಕಾರ್ನಿಯಾವನ್ನು; ಹಿಂಬದಿಯ ತೆಳುವಾದ ಪದರ ಹಾಗೆಯೇ ಉಳಿದಿರುತ್ತದೆ. ಚಿಕಿತ್ಸೆಯಾದವರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸುತ್ತಿರಬೇಕು.

ತಪ್ಪು ನಂಬಿಕೆಗಳು

‘ಕನ್ನಡಕ ಹಾಕಿದರೆ ಪವರ್ ಏರುತ್ತದೆ’ ಎಂದು ಅರೆಪವರಿನ ಕನ್ನಡಕ ಕೊಡಿಸುವ ಮನೆಗಳಿವೆ. ಮಲೇಷ್ಯದಲ್ಲಿ ಮಕ್ಕಳ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪೂರ್ತಿ ಪವರ್ ಧರಿಸಿದವರಿಗಿಂತ ಅರೆಪವರ್ ಧರಿಸಿದವರ ದೋಷವೇ ಬೇಗ ಹೆಚ್ಚಿತು. ಹೆಣ್ಣುಮಗಳಿಗೆ ವರ ಸಿಗುವುದು ಕಷ್ಟವೆಂದು ಕನ್ನಡಕವನ್ನೇ ಮುಚ್ಚಿಡುವುದು ಇದಕ್ಕಿಂತಲೂ ಕ್ರೂರ. ಅವಳ ಓದೂ ಹೋಗುತ್ತದೆ, ಕಣ್ಣಿನ ಆರೈಕೆಯೂ ತಪ್ಪುತ್ತದೆ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಿಷಯ ಬೇರೆ. ೩೪ ವಾರಕ್ಕೆ ಮುಂಚೆ, ಇಲ್ಲವೆ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದಿಂದ ಹುಟ್ಟಿದ ಶಿಶುವಿನ ಅಕ್ಷಿಪಟಲವನ್ನು ೩೦ ದಿನದೊಳಗೆ ಪರೀಕ್ಷಿಸಬೇಕು. ಇಂಥ ಮಕ್ಕಳಲ್ಲಿ ಅಕ್ಷಿಪಟಲದ ರೋಗಕ್ಕೆ ಚಿಕಿತ್ಸೆಯಾದ ಮೇಲೆ ತೀವ್ರ ಸಮೀಪದೃಷ್ಟಿ ಬರುವುದುಂಟು. ಬೆಂಗಳೂರಿನ ನಾರಾಯಣ ನೇತ್ರಾಲಯ ೨೦೦೮ರಲ್ಲಿ ಆರಂಭಿಸಿದ ಯೋಜನೆಯಲ್ಲಿ ತರಬೇತಾದ ಸಿಬ್ಬಂದಿ ಕ್ಯಾಮೆರಾದೊಡನೆ ಜಿಲ್ಲೆಗಳಿಗೇ ಹೋಗಿ ಇಂಥ ಶಿಶುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ಅದನ್ನು ನೋಡಿ ಹೇಳುತ್ತಾರೆ.

ತಡಮಾಡಕೂಡದ ಲಕ್ಷಣಗಳು

ಕಣ್ಣೆದುರು ಮಿಂಚಿದಂತಾಗುವುದು, ಇದ್ದಕ್ಕಿದ್ದಂತೆ ಕರಿಚುಕ್ಕೆಗಳು ತೇಲುವುದು, ಒಂದು ಬದಿಯಿಂದ ತೆರೆ ಎಳೆದಂತೆ ನೋಟ ಮುಚ್ಚುವುದು—ಇವು ಅಕ್ಷಿಪಟಲ ಹರಿಯುತ್ತಿರುವ ಅಥವಾ ಕಳಚುತ್ತಿರುವ ಗುರುತು. ನೋವಿರುವುದಿಲ್ಲವಾದ್ದರಿಂದ ಜನ ‘ನಾಳೆ ನೋಡೋಣ’ ಎನ್ನುತ್ತಾರೆ. ಆ ದಿನವೇ ಕೋಲಾರದ ಜಿಲ್ಲಾ ಆಸ್ಪತ್ರೆಗೋ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಹೋಗುವುದು ಲೇಸು. ಕೋಲಾರದಿಂದ ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರು. ದೃಷ್ಟಿಯ ನಡುಭಾಗ ಕಳಚುವ ಮೊದಲು ವೈದ್ಯರ ಕೈಗೆ ಸಿಕ್ಕಿದ ಕಣ್ಣು ಉಳಿಯುವ ಸಂಭವ ಹೆಚ್ಚು.

ಮಕ್ಕಳಿಗೆ ಶಾಲೆಗೆ ಸೇರುವ ಮುನ್ನ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯಾಗಲಿ. ತಂದೆತಾಯಿಗಳಲ್ಲಿ ಒಬ್ಬರಿಗಾದರೂ ದಪ್ಪ ಕನ್ನಡಕವಿದ್ದರೆ ಮಗು ದೂರು ಹೇಳುವವರೆಗೆ ಕಾಯಬಾರದು.